ಆಳದ ತುದಿಗೆ ಮರಳಿದ ಸೀಟಿ ಅಕ್ಕ

ಕೆಮ್ಮು ಬರುವ ಮೊದಲೇ ಈಕೆಯ ಎಡಗೈ ಹೊಟ್ಟೆಗೆ ಹೋಗುತ್ತದೆ. ಹೊಕ್ಕುಳಿನ ಎಡಕ್ಕೆ, ತುಸು ಕೆಳಗೆ, ಅಂಗೈ ಅಗಲಿಸಿ ಒತ್ತಿ ಹಿಡಿದು ಎರಡು ಸಲ ಕೆಮ್ಮುತ್ತಾರೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಎರಡೂ ಕೈಯಲ್ಲಿ ಹಗ್ಗ ಹಿಡಿದು ಎಳೆಯತೊಡಗುತ್ತಾರೆ. ಕೆಂಪು ಬಿಳಿ ಬಿಲ್ಲೆಗಳನ್ನು ಪೋಣಿಸಿದ ಉದ್ದನೆಯ ಹಗ್ಗ ಈಜುಕೊಳದ ಆಚೆ ದಡದಿಂದ ನೀರನ್ನು ಸೀಳಿಕೊಂಡು ಇತ್ತ ಬರುತ್ತದೆ. ಬಂದ ಹಗ್ಗವನ್ನು ಗೋಡೆಯ ಕೊಂಡಿಗೆ ಸಿಕ್ಕಿಸಿ, ಬಿಗಿ ಮಾಡಿ, ಒಮ್ಮೆ ಕಾಲಲ್ಲಿ ಮೆಟ್ಟಿ ನೋಡುತ್ತಾರೆ. ಒಂದು ಸಾಲು ಆಯಿತು. ಇನ್ನೂ ಐದಿವೆ.

ಬೆಳಕು ಇನ್ನೂ ಹರಿದಿಲ್ಲ. ದೀಪದ ಕಂಬಗಳ ಕೆಳಗೆ ಮಾತ್ರ ನೀರು ನೀಲಿ, ಉಳಿದದ್ದೆಲ್ಲ ಕಪ್ಪು. ಕ್ಲೋರಿನ್ ವಾಸನೆ ಮೂಗಿಗೆ ಅಡರುತ್ತದೆ. ಹಗ್ಗದ ಕೆಲಸ ಮುಗಿಸಿ ಉದ್ದ ಕೋಲಿನ ಬಲೆ ತೆಗೆದುಕೊಳ್ಳುತ್ತಾರೆ. ಎಲೆ, ಹುಳು, ಯಾರದೋ ತಲೆಯ ರಬ್ಬರ್ ಬ್ಯಾಂಡು, ಒಂದು ಒಂಟಿ ಕಿವಿಯೋಲೆ ಎಲ್ಲವನ್ನೂ ಬಳಿದು ಬಕೆಟ್ಟಿಗೆ ಸುರಿಯುತ್ತಾರೆ. ಕೊನೆಗೆ ಆಳದ ತುದಿಗೆ ಬಂದು ನಿಲ್ಲುತ್ತಾರೆ. ಇಲ್ಲಿ ತಳದಲ್ಲಿ ಒಂದು ಜಾಲರಿಯಿದೆ. ನೀರು ಅದರ ಮೂಲಕವೇ ಶುದ್ಧೀಕರಣದ ಯಂತ್ರಕ್ಕೆ ಹೋಗುವುದು. ಜಾಲರಿಯ ತಿರುಪು ಸಡಿಲವಾದರೆ ನೀರಿನ ಎಳೆತಕ್ಕೆ ಮಗುವಿನ ಕೈಯೋ ಕೂದಲೋ ಸಿಕ್ಕಿಕೊಳ್ಳಬಹುದು. ಹತ್ತೊಂಬತ್ತು ವರ್ಷ ಪ್ರತಿ ಮುಂಜಾವ ಈಕೆಯೇ ಮುಳುಗಿ, ಕೈ ಹಾಕಿ ಅಲ್ಲಾಡಿಸಿ ನೋಡುತ್ತಿದ್ದರು. ಈಗ ಬೇರೆಯವರು ಏಣಿಯ ಮೇಲೆ ನಿಂತು ಬಗ್ಗಿ ನೋಡಿ ‘ಸರಿಯಿದೆ’ ಅನ್ನುತ್ತಾರೆ.

“ಮೇಲಿಂದ ನೋಡಿದ್ರೆ ಎಲ್ಲಾ ಜಾಲರಿನೂ ಗಟ್ಟಿಯಾಗೇ ಕಾಣುತ್ತೆ” ಎಂದು ಮೂಗು ಮುರಿಯುತ್ತಾರೆ.

ಈ ಸಾರ್ವಜನಿಕ ಈಜುಕೊಳಕ್ಕೆ ಬರುವ ಮಕ್ಕಳಿಗೆ, ಮಕ್ಕಳ ಅಮ್ಮಂದಿರಿಗೆ, ಗೇಟು ಕಾಯುವವನಿಗೆ, ಎಲ್ಲರಿಗೂ ಇವರು ಸೀಟಿ ಅಕ್ಕ. ಕೊರಳಿಗೆ ಸೀಟಿ ಕಟ್ಟಿಕೊಂಡು ಎತ್ತರದ ಕುರ್ಚಿಯ ಮೇಲಿಂದ ನೀರನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದವರು. ಬೆಳಗಿನ ಮೊದಲ ತಾಸಿನಲ್ಲಿ ಐವತ್ತು ದಾಟಿದ ಹೆಂಗಸರಿಗೆ ಈಜು ಕಲಿಸುತ್ತಿದ್ದವರು. ಇಷ್ಟು ವರ್ಷದಲ್ಲಿ ಎಷ್ಟು ಜನರನ್ನು ನೀರಿನಿಂದ ಎತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ ಸಿಡುಕುತ್ತಾರೆ. “ಎತ್ತೋ ಹಾಗೆ ಆಗಲೇ ಇಲ್ಲ ಅಂದ್ರೆ ಅದು ಒಳ್ಳೇ ಡ್ಯೂಟಿ. ಎತ್ತಿದ್ದನ್ನ ಯಾಕೆ ಲೆಕ್ಕ ಇಡಲಿ?”

ಒಂದು ವರ್ಷದಿಂದ ಅವರು ಕೂರುವುದು ಟಿಕೆಟ್ ಕಿಟಕಿಯ ಹಿಂದೆ. ಕಿಟಕಿ ತೆರೆಯುವ ಮುನ್ನ ಬಂದು ಹಗ್ಗ ಎಳೆಯುವುದು, ಎಲೆ ಬಳಿಯುವುದು ಯಾರೂ ಹೇಳಿದ ಕೆಲಸವಲ್ಲ. ಹಳೆಯ ಚಾಳಿ. ಇವತ್ತು ಹತ್ತು ಗಂಟೆಗೆ ಕೊಳದ ಕಾವಲುಗಾರರ, ಅಂದರೆ ಲೈಫ್‌ಗಾರ್ಡುಗಳ, ವಾರ್ಷಿಕ ಪರೀಕ್ಷೆ. ಪಾಸಾದರೆ ಎತ್ತರದ ಕುರ್ಚಿ, ಬೆಳಗಿನ ತರಗತಿ, ತಳದ ಜಾಲರಿ ಎಲ್ಲ ವಾಪಸು. ಫೇಲಾದರೆ ಕಿಟಕಿಯೇ ಗಟ್ಟಿ.

ಹೋದ ವರ್ಷಕ್ಕೂ ಮೊದಲು ಅಕ್ಕನಿಗೆ ಮಲದಲ್ಲಿ ರಕ್ತ ಕಾಣಿಸಿಕೊಂಡಿತು. ಎತ್ತರದ ಕುರ್ಚಿಯ ಮರದ ಹಲಗೆ ಗಟ್ಟಿ. ಇಡೀ ದಿನ ಅದರ ಮೇಲೆ ಕೂತರೆ ಮೂಲವ್ಯಾಧಿ ಬಾರದೇ ಇನ್ನೇನು ಎಂದುಕೊಂಡರು. ಮೆತ್ತನೆಯ ದಿಂಬು ಹಾಕಿಕೊಂಡು ಕೂತರು. ದಿಂಬು ಬದಲಾಯಿಸಿದರು. ಕೊನೆಗೆ ಗಂಡ ಬಲವಂತ ಮಾಡಿ ಡಾಕ್ಟರ ಬಳಿ ಕರೆದುಕೊಂಡು ಹೋದಾಗ ದೊಡ್ಡ ಕರುಳಿನ ಕೊನೆಯಲ್ಲಿ ಕ್ಯಾನ್ಸರ್ ಕೂತಿತ್ತು. ಆ ಭಾಗವನ್ನು ಕತ್ತರಿಸಿ ತೆಗೆಯಬೇಕು, ಕೆಳಗಿನ ದಾರಿಯನ್ನು ಶಾಶ್ವತವಾಗಿ ಮುಚ್ಚಬೇಕು, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಕೂರಿಸಬೇಕು ಎಂದರು. ಆ ಬಾಯಿಗೆ ಸ್ಟೋಮಾ ಅನ್ನುತ್ತಾರೆ. ಅದರ ಮೇಲೆ ಅಂಟಿಸುವ ಚೀಲದಲ್ಲಿ ಮಲ ತುಂಬುತ್ತದೆ. ಜೀವನಪೂರ್ತಿ ಹೀಗೇ.

“ಚೀಲ ಹಾಕ್ಕೊಂಡು ಈಜಬಹುದಾ?” ಇದು ಅಕ್ಕ ಡಾಕ್ಟರಿಗೆ ಕೇಳಿದ ಮೊದಲ ಪ್ರಶ್ನೆ. ಬದುಕುತ್ತೇನಾ ಎಂಬುದು ಎರಡನೆಯದು. ಪಕ್ಕದಲ್ಲಿ ಕೂತಿದ್ದ ಮನೆಯವರು ಹಣೆ ಚಚ್ಚಿಕೊಂಡರಂತೆ.

ಆಪರೇಷನ್ನಿಗೆ ಮುಂಚೆ ಸ್ಟೋಮಾ ಎಲ್ಲಿ ಬರಬೇಕೆಂದು ಹೊಟ್ಟೆಯ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಬಗ್ಗಿದಾಗ ಮಡಿಕೆ ಬೀಳುವ ಜಾಗ ಬೇಡ, ಸೊಂಟದ ಪಟ್ಟಿ ಒತ್ತುವ ಜಾಗ ಬೇಡ. ಈ ಕೆಲಸ ಸ್ಟೋಮಾ ನರ್ಸಿನದು. ಅವತ್ತು ಅಕ್ಕ ಆಸ್ಪತ್ರೆಯ ನಿಲುವಂಗಿ ಬಿಚ್ಚಿದರೆ ಒಳಗೆ ಈಜುಡುಗೆ.

“ನನ್ನ ಸರ್ವಿಸ್ಸಲ್ಲಿ ಸ್ವಿಮ್‌ಸೂಟ್ ಹಾಕ್ಕೊಂಡು ಮಾರ್ಕ್ ಹಾಕಿಸ್ಕೊಳ್ಳೋಕೆ ಬಂದೋರು ಇವರೊಬ್ಬರೇ” ಎಂದು ನರ್ಸ್ ಈಗಲೂ ನಗುತ್ತಾರೆ. “ಇಲ್ಲಿ ತೊಡೆ ಹತ್ರ ಎಲಾಸ್ಟಿಕ್ ಬರುತ್ತೆ, ಅದಕ್ಕಿಂತ ಮೇಲೆ ಹಾಕಿ ಸಿಸ್ಟರ್, ನಾನು ಕಾಲು ಬಡೀಬೇಕು ಅಂದ್ರು. ನಾಳೆ ಆಪರೇಷನ್, ಇವತ್ತು ಇವರ ಚಿಂತೆ ಕಾಲು ಬಡಿಯೋದು!”

ಗುರುತು ತುಸು ಮೇಲೆ ಬಿತ್ತು.

ಅಕ್ಕನ ಮನೆ ಎರಡು ಕೋಣೆಯದು. ಮುಂದಿನ ಕೋಣೆಯೇ ಮನೆಯವರ ಹೊಲಿಗೆ ಅಂಗಡಿ. ಕೊರಳಲ್ಲಿ ಟೇಪು, ಕಿವಿಯ ಹಿಂದೆ ಸೀಮೆಸುಣ್ಣದ ತುಂಡು, ಮಾತು ಕಡಿಮೆ, ಕೊಂಕು ಜಾಸ್ತಿ. ಹೊಲಿಗೆ ಯಂತ್ರದ ಹಿಂದಿನ ಗೋಡೆಗೆ ಒರಗಿಸಿದ ಮಂಚದಲ್ಲಿ ಅಕ್ಕ ವಾರಗಟ್ಟಲೆ ಮಲಗಿದರು. ಹೊಟ್ಟೆಯ ಹೊಲಿಗೆ ಬೇಗ ಕೂಡಿಕೊಂಡಿತು. ಕೆಳಗೆ ಮುಚ್ಚಿದ ಜಾಗದ ಗಾಯ ಮಾತ್ರ ಹಟ ಹಿಡಿದು ಕೂತಿತು. ಒಂದು ಮಗ್ಗುಲಿಗೆ ವಾಲಿಕೊಂಡೇ ಊಟ ಮಾಡಬೇಕು. ನಡುವೆ ಕೀಮೋ ಔಷಧಿಯ ಸುತ್ತುಗಳು, ವಾಂತಿ, ಬಾಯೆಲ್ಲ ಹುಣ್ಣು. ಇದರ ನಡುವೆ ಹೊಟ್ಟೆಯ ಮೇಲಿನ ಆ ಕೆಂಪು ಬಾಯಿ, ನಮ್ಮ ಕೆನ್ನೆಯ ಒಳಭಾಗದಷ್ಟೇ ಕೆಂಪು, ಅಷ್ಟೇ ತೇವ, ತನಗಿಷ್ಟ ಬಂದಾಗ ಸದ್ದು ಮಾಡುತ್ತ, ಗಿರಾಕಿಗಳು ಅಳತೆ ಕೊಡಲು ಬಂದು ನಿಂತಾಗಲೇ ಗುಡುಗುಟ್ಟುತ್ತ ಕಾಲ ಹಾಕಿತು. ಮನೆಯವರು ಅದಕ್ಕೆ ‘ಬಾಡಿಗೆದಾರ’ ಎಂದು ಹೆಸರಿಟ್ಟರು.

“ಏನಂತಾನೆ ನಮ್ಮ ಬಾಡಿಗೆದಾರ?”

“ಹೇಳದೆ ಕೇಳದೆ ಮಾತಾಡ್ತಾನೆ. ನಿಮ್ಮ ಮನೆ ಕಡೆಯೋರ ಬುದ್ಧಿ.”

ಮೊದಲ ವ್ಯಾಯಾಮ ಮಂಚದ ಮೇಲೆಯೇ. ಮಂಡಿ ಮಡಚಿ ಮಲಗು, ಉಸಿರು ಬಿಡುತ್ತ ಹೊಟ್ಟೆಯನ್ನು ಮೆಲ್ಲಗೆ ಒಳಗೆ ಸೆಳೆದುಕೊ, ಬಿಡು. ಏಳುವಾಗ ನೇರ ಏಳಬೇಡ, ಪಕ್ಕಕ್ಕೆ ಉರುಳಿ ಕೈಯೂರಿ ಏಳು. ಕೆಮ್ಮುವಾಗ, ಸೀನುವಾಗ ಕೈ ಅಲ್ಲಿರಲಿ. ಸ್ಟೋಮಾದ ಸುತ್ತ ಹೊಟ್ಟೆಯ ಗೋಡೆಯಲ್ಲಿ ಈಗ ಒಂದು ಕಿಂಡಿಯಿದೆ, ತಿಣುಕಿ ಭಾರ ಎತ್ತಿದರೆ ಕರುಳು ಅಲ್ಲಿಂದ ಉಬ್ಬಿ ಬರಬಹುದು. ಹೀಗೆಂದು ನರ್ಸ್ ಹೇಳಿಕೊಟ್ಟದ್ದನ್ನು ಅಕ್ಕ ಚಾಚೂ ತಪ್ಪದೆ ಮಾಡಿದರು. ನೀರಿಗೆ ಹೆದರುವ ಹೆಂಗಸರಿಗೆ ‘ಉಸಿರು ಬಿಡಿ, ಬಿಡ್ರಮ್ಮ, ಹಿಡ್ಕೋಬೇಡಿ’ ಎಂದು ವರ್ಷಗಟ್ಟಲೆ ಕಿರುಚಿದವರಿಗೆ ಈಗ ಅದೇ ಪಾಠ ಹೊಲಿಗೆ ಯಂತ್ರದ ಸದ್ದಿನಲ್ಲಿ. ಆಮೇಲೆ ನಡಿಗೆ. ಬೀದಿಯ ತಿರುವಿನವರೆಗೆ, ಬ್ರೆಡ್ ಅಂಗಡಿಯವರೆಗೆ, ಕೊನೆಗೊಂದು ದಿನ ಈಜುಕೊಳದ ಹೊರಗೋಡೆಯವರೆಗೆ. ಒಳಗಿನಿಂದ ಬೇರೆ ಯಾರೋ ಊದಿದ ಸೀಟಿ ಕೇಳಿತು.

“ಉದ್ದಕ್ಕೆ ಊದ್ತಾ ಇದ್ದ. ಅಪಾಯಕ್ಕೆ ಉದ್ದಕ್ಕೆ ಊದಬಾರದು, ಚಿಕ್ಕದಾಗಿ ಕಡಿದು ಊದಬೇಕು. ಗೋಡೆ ಹತ್ತಿ ಹೇಳೋಣ ಅನ್ನಿಸ್ತು. ಹತ್ತೋಕಾಗಲಿಲ್ಲ, ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೇದಾಯ್ತು.”

ಕೆಲಸಕ್ಕೆ ಮರಳಿದ ದಿನ ಕೊಳದ ವ್ಯವಸ್ಥಾಪಕರು ಎದ್ದು ನಿಂತು ಬರಮಾಡಿಕೊಂಡರು. ಅವರು ಅಕ್ಕನಿಗಿಂತ ಕಿರಿಯರು, ಕೆಟ್ಟವರೇನಲ್ಲ. ರಜೆಯ ಸಂಬಳ ಸಿಗುವಂತೆ ಓಡಾಡಿದವರು ಅವರೇ. “ನೀರಿನ ಕೆಲಸ ಮರೆತುಬಿಡಿ ಅಕ್ಕ. ಟಿಕೆಟ್ ಕಿಟಕಿ ನಿಮ್ಮದು. ಕುರ್ಚಿ, ಫ್ಯಾನು, ಎಲ್ಲಾ ಇದೆ. ಆರಾಮಾಗಿ ಕೂತ್ಕೊಳ್ಳಿ” ಎಂದರು.

“ಕೂರೋದೊಂದೇ ನನಗೆ ಕಷ್ಟ ಇದ್ದಿದ್ದು” ಎನ್ನುತ್ತಾರೆ ಅಕ್ಕ. “ನಡೀತಿದ್ದೆ, ನಿಲ್ತಿದ್ದೆ. ಗಾಯ ಇದ್ದದ್ದು ಕೂರೋ ಜಾಗದಲ್ಲಿ. ಅಂಥವಳಿಗೆ ಹುಡುಕಿ ಹುಡುಕಿ ಕುರ್ಚಿ ಕೊಟ್ಟರು.”

ಗಾಯ ಪೂರ್ತಿ ಒಣಗಿ, ಇನ್ನು ನೀರಿಗಿಳಿಯಬಹುದು ಎಂದು ಡಾಕ್ಟರು ಹೇಳಿದ ದಿನ ಅಕ್ಕ ಸೀದಾ ವ್ಯವಸ್ಥಾಪಕರ ಮುಂದೆ ನಿಂತರು. ಪರೀಕ್ಷೆ ಪಾಸಾಗದ ಸಿಬ್ಬಂದಿ ಆಳಕ್ಕೆ ಇಳಿಯುವಂತಿಲ್ಲ, ನಿಯಮ ನಿಯಮವೇ ಎಂದು ಅವರು ಕೈಚೆಲ್ಲಿದರು. ಅಭ್ಯಾಸವಿಲ್ಲದೆ ಪರೀಕ್ಷೆ ಹೇಗೆ ಪಾಸಾಗುವುದು? ಅಕ್ಕ ಕಿಟಕಿಗೆ ಮರಳಿದರು. ಅವತ್ತು ಡ್ಯೂಟಿ ಮುಗಿದ ಮೇಲೆ ಕಿಟಕಿಯ ಒಳಗೆ ಕೂತು ಒಂದು ಟಿಕೆಟ್ ಹರಿದರು. ದುಡ್ಡನ್ನು ಡ್ರಾಯರಿಗೆ ಹಾಕಿದರು. ಕಿಟಕಿ ಮುಚ್ಚಿ, ಸುತ್ತಿ ಬಂದು, ಟಿಕೆಟನ್ನು ಗೇಟಿನವನ ಕೈಗಿಟ್ಟರು.

“ಏನಕ್ಕ ಇದು?”

“ಟಿಕೆಟ್ ಕಣಪ್ಪ. ಹರಿದು ಅರ್ಧ ಕೊಡು.”

ಸಿಬ್ಬಂದಿಗೆ ನಿಯಮವಿತ್ತು. ಟಿಕೆಟ್ ಕೊಂಡವರಿಗೆ ಯಾವ ನಿಯಮವೂ ಅಡ್ಡವಿರಲಿಲ್ಲ. ಅಂದಿನಿಂದ ಅಕ್ಕ ದಿನವೂ ತಮಗೆ ತಾವೇ ಟಿಕೆಟ್ ಮಾರಿಕೊಂಡರು.

ಬಟ್ಟೆ ಬದಲಾಯಿಸುವ ಕೋಣೆ ಮೊದಲ ದಿನ ಗಪ್‌ಚಿಪ್ಪಾಯಿತು. ಹಳೆಯ ತರಗತಿಯ ಹೆಂಗಸರು ಸಂಜೆ ಬರತೊಡಗಿದ್ದರು. ಒಬ್ಬರು ಚಪ್ಪಲಿ ನೋಡಿದರು, ಇನ್ನೊಬ್ಬರು ಒಣಗಿದ ತಲೆಯನ್ನು ಮತ್ತೆ ಒರೆಸಿಕೊಂಡರು. ಅಕ್ಕ ಯಾವತ್ತಿನಂತೆ ಎಲ್ಲರೆದುರೇ ಬಟ್ಟೆ ಬಿಚ್ಚಿದರು. “ಕದ್ದು ನೋಡಬೇಡ್ರಮ್ಮ, ಕತ್ತು ಉಳುಕುತ್ತೆ. ನೆಟ್ಟಗೆ ನೋಡಿ” ಎಂದು ಹೊಟ್ಟೆ ಮುಂದೆ ಮಾಡಿ ನಿಂತರು.

ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಆ ತರಗತಿಯಲ್ಲಿದ್ದಾರೆ. ಎಲ್ಲರೂ ಅಂಚೆಯಮ್ಮ ಎನ್ನುತ್ತಾರೆ. ಅವರು ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ಕೇಳಿದರು: “ನೋವಾಗುತ್ತಾ?”

“ಮುಟ್ಟಿದ್ರೂ ಇದಕ್ಕೆ ನೋವು ಗೊತ್ತಾಗಲ್ಲ. ನೀವು ಮುಖ ಸಿಂಡರಿಸ್ತೀರಲ್ಲ, ಅದು ನನಗೆ ಗೊತ್ತಾಗುತ್ತೆ.”

“ನಾನೆಲ್ಲಿ ಸಿಂಡರಿಸಿದೆ? ನನ್ನ ಮುಖ ಇರೋದೇ ಹೀಗೆ.”

ಅಲ್ಲಿಗೆ ಕೋಣೆಗೆ ಮಾತು ಮರಳಿತು. ಆದರೆ ನೀರಿನಲ್ಲಿ ಬೇರೆ ಗ್ರಹಚಾರ ಕಾದಿತ್ತು. ಸೊಂಟ ಮುಳುಗುವ ನೀರಿನಲ್ಲಿ ನಿಂತ ಅಕ್ಕ ಕೆಳಗೆ ನೋಡಿದರೆ ಹೊಟ್ಟೆಯಿಂದ ಸಣ್ಣ ಸಣ್ಣ ಗುಳ್ಳೆಗಳು ಮಣಿಯಂತೆ ಸಾಲಾಗಿ ಮೇಲೇಳುತ್ತಿವೆ. ಈಜುಕೊಳದವರಿಗೆ ಗುಳ್ಳೆಯೆಂದರೆ ಒಂದೇ ಅರ್ಥ. ಮಕ್ಕಳ ಗಾಳಿ ಉಂಗುರಗಳನ್ನು, ತೇಲುಹಾಸುಗಳನ್ನು ನೀರಿನಲ್ಲಿ ಅದುಮಿದರೆ ಗುಳ್ಳೆ ಎಲ್ಲಿ ಬಂತೋ ಅಲ್ಲಿ ತೂತು, ಅಲ್ಲಿಗೆ ತೇಪೆ. ಅಕ್ಕ ಒಂದೇ ಉಸಿರಿಗೆ ಮೇಲೆದ್ದು ಉಗ್ರಾಣಕ್ಕೆ ಹೋದರು. ತೇಲುಹಾಸುಗಳಿಗೆ ಹಾಕುವ ರಬ್ಬರ್ ತೇಪೆಯ ಪಟ್ಟಿ ತೆಗೆದರು. ಚೀಲಕ್ಕೂ ಚರ್ಮಕ್ಕೂ ಸೇರಿಸಿ ಉದ್ದಕ್ಕೆ ಅಡ್ಡಕ್ಕೆ ಮೆತ್ತಿದರು. ಮತ್ತೆ ನೀರಿಗಿಳಿದರೆ ಒಂದು ಗುಳ್ಳೆಯೂ ಇಲ್ಲ. ಬೀಗಿದರು.

ಮನೆ ತಲುಪುವ ಹೊತ್ತಿಗೆ ಚೀಲವೂ ಬೀಗಿತ್ತು, ಚೆಂಡಿನ ಹಾಗೆ. ತೇಪೆ ಕೀಳಲು ಹೋದರೆ ಚರ್ಮವೂ ಜೊತೆಗೆ ಬಂತು.

“ಅಲ್ಲಮ್ಮ, ನಿಮ್ಮ ಹೊಟ್ಟೆ ಏನು ಸೈಕಲ್ ಟ್ಯೂಬಾ?” ಎಂದು ಮರುದಿನ ಆಸ್ಪತ್ರೆಯಲ್ಲಿ ನರ್ಸ್ ರೇಗಿದರು. ಚೀಲದಲ್ಲಿ ಗಾಳಿ ಕಟ್ಟಿಕೊಳ್ಳದಿರಲೆಂದು ಕಂಪನಿಯವರೇ ಒಂದು ಸಣ್ಣ ಕಿಂಡಿ ಇಟ್ಟಿರುತ್ತಾರೆ, ವಾಸನೆ ತಡೆಯುವ ಫಿಲ್ಟರ್ ಅದರಲ್ಲೇ ಇರುತ್ತದೆ, ಹೊರಬಂದದ್ದು ಗಾಳಿ ಅಷ್ಟೇ, ಮಲವಲ್ಲ ಎಂದು ಬಿಡಿಸಿ ಹೇಳಿದರು. ನೀರಿಗಿಳಿಯುವಾಗ ಆ ಕಿಂಡಿಯ ಮೇಲೆ ಒಂದು ಚಿಕ್ಕ ಸ್ಟಿಕರ್ ಅಂಟಿಸಿ, ಮೇಲೆ ಬಂದ ಮೇಲೆ ಕಿತ್ತರೆ ಸಾಕು.

“ಎಲ್ಲಿವೆ ಆ ಸ್ಟಿಕರ್?”

“ಚೀಲದ ಡಬ್ಬಿಯಲ್ಲೇ ಇರುತ್ತಲ್ಲ, ಬಿಳೀದು, ಗುಂಡಗೆ.”

ಅಕ್ಕ ನಿಧಾನವಾಗಿ ಜೊತೆಗೆ ಬಂದಿದ್ದ ಮನೆಯವರ ಕಡೆ ತಿರುಗಿದರು. ದರ್ಜಿ ಸೂರು ನೋಡತೊಡಗಿದರು. ಡಬ್ಬಿಯೊಳಗಿನ ಆ ಗುಂಡು ಸ್ಟಿಕರುಗಳು ಅವರಿಗೆ ಬಹಳ ಹಿಡಿಸಿದ್ದವು. ತಿಂಗಳುಗಳಿಂದ ಹೊಲಿದು ಮುಗಿದ ಬಟ್ಟೆಯ ಗಂಟುಗಳಿಗೆಲ್ಲ ಒಂದೊಂದು ಅಂಟಿಸಿ ಗಿರಾಕಿಗಳಿಗೆ ಕೊಟ್ಟಿದ್ದರು.

“ಬಾಡಿಗೆದಾರನ ಸಾಮಾನು ಮುಟ್ಟಬಾರದು ಅಂತ ಗೊತ್ತಾಗಲ್ವಾ ನಿಮಗೆ?”

ಚರ್ಮ ಮಾಯಲು ವಾರಗಳು ಹಿಡಿದವು. ಅಷ್ಟೂ ದಿನ ನೀರು ಬಂದ್. ಪರೀಕ್ಷೆ ಹತ್ತಿರ ಬರುತ್ತಿತ್ತು. ದರ್ಜಿ ತಪ್ಪೊಪ್ಪಿಗೆಯ ಮಾತೇನೂ ಆಡಲಿಲ್ಲ. ಈಜುಡುಗೆಯ ಒಳಮೈಗೆ ಚೀಲ ಕೂರುವಂತೆ ಒಂದು ಜೇಬು ಹೊಲಿಯಲು ಕೂತರು. ಹಿಗ್ಗುವ ಬಟ್ಟೆಗೆ ಸೂಜಿ ಹೊಲಿಗೆ ತಪ್ಪಿಸುತ್ತದೆ. ಮೊದಲ ಜೇಬು ಬಿಗಿಯಾಗಿ, ಚೀಲ ತುಂಬಲು ಜಾಗವಿಲ್ಲದೆ ಮಲ ಕೆಳಗಿಳಿಯದೆ ಸ್ಟೋಮಾದ ಬಳಿಯೇ ಅಂಟಿಕೊಂಡಿತು. ಎರಡನೆಯದು ಸಡಿಲವಾಗಿ ನೀರು ತುಂಬಿಕೊಂಡು ಜೋಲಾಡಿತು. “ಗಂಡಸರ ಅಳತೆ ಹೊಲಿದಿದೀನಿ, ಹೆಂಗಸರದು ಹೊಲಿದಿದೀನಿ, ಬೆಳೆಯೋ ಮಕ್ಕಳದೂ ಹೊಲಿದಿದೀನಿ” ಎಂದು ಹಲುಬಿದರು. “ಈ ಆಸಾಮಿದು ಮಾತ್ರ ಗಂಟೆಗೊಂದು ಅಳತೆ.” ಮೂರನೆಯ ಜೇಬು ಹದವಾಗಿ ಕೂತಿತು.

ಇಷ್ಟರಲ್ಲಿ ವ್ಯವಸ್ಥಾಪಕರಿಗೆ ಯಾರೋ ದೂರಿದ್ದರು. ಅಂಥವರು ನಮ್ಮ ಜೊತೆ ಅದೇ ನೀರಿಗೆ ಇಳಿಯುವುದೇ ಎಂದು. ಅವರು ಅಕ್ಕನನ್ನು ಕೋಣೆಗೆ ಕರೆದು ಮೇಜಿನ ಮೇಲಿನ ಪೇಪರ್‌ವೆಯಿಟನ್ನು ತಿರುಗಿಸುತ್ತ ಹೇಳಿದರು: “ನನಗೇನೂ ಇಲ್ಲ ಅಕ್ಕ. ಚೀಲ ಗಟ್ಟಿಯಾಗಿ ಅಂಟಿರುತ್ತೆ, ಏನೂ ಸೋರಲ್ಲ ಅಂತ ಡಾಕ್ಟರೇ ಹೇಳಿದಾರೆ, ಗೊತ್ತು. ಆದ್ರೆ ಜನ ಏನೇನೋ ಅಂತಾರೆ.”

“ಜನ ಎಲ್ಲಾ ನನ್ನ ಕಿಟಕಿ ಮುಂದೇನೇ ಹಾದು ಬರ್ತಾರೆ ಸರ್. ಚಿಲ್ಲರೆ ಇಲ್ಲ ಅಂತಾರೆ, ಬೆಲೆ ಜಾಸ್ತಿ ಅಂತಾರೆ. ಇದನ್ನ ನನಗೆ ಯಾರೂ ಅಂದಿಲ್ಲ. ಅಂದ್ರೆ ಉತ್ತರ ಕೊಡ್ತೀನಿ, ಕಳಿಸಿ.”

ಯಾರೂ ಬರಲಿಲ್ಲ. ಅಕ್ಕ ಟಿಕೆಟ್ ಹರಿಯುತ್ತಲೇ ಇದ್ದರು. ನೀರಿಗಿಳಿಯುವ ಮುನ್ನ ಚೀಲ ಖಾಲಿ ಮಾಡಿ, ಸ್ಟಿಕರ್ ಹಾಕಿ, ಸೊಂಟಕ್ಕೆ ಆಧಾರದ ಬೆಲ್ಟ್ ಬಿಗಿದು, ಮೊದಲು ಬರೀ ತೇಲುವುದು. ಆಮೇಲೆ ಗೋಡೆ ಹಿಡಿದು ಕಾಲು ಬಡಿಯುವುದು. ಆಮೇಲೆ ಒಂದು ಅಗಲ, ಒಂದು ಉದ್ದ. ಸುಸ್ತಾಗಿ ದಡದ ಮೇಲೆ ಮೊಸಳೆಯ ಹಾಗೆ ಬಿದ್ದುಕೊಂಡರೆ ಅಂಚೆಯಮ್ಮ ಮೇಲಿಂದ ಬಗ್ಗಿ, “ಉಸಿರು ಬಿಡಿ, ಬಿಡ್ರಮ್ಮ, ಹಿಡ್ಕೋಬೇಡಿ” ಎಂದು ಅಕ್ಕನದೇ ದನಿಯಲ್ಲಿ ಅಣಕಿಸುತ್ತಿದ್ದರು.

ಈಗ ಹತ್ತು ಗಂಟೆ. ಕೊಳಕ್ಕೆ ಪೂರ್ತಿ ಬಿಸಿಲು ಬಿದ್ದಿದೆ. ಹೊರಗಿನಿಂದ ಬಂದ ಪರೀಕ್ಷಕರು ಆಳದ ತುದಿಯಲ್ಲಿ ನಿಂತಿದ್ದಾರೆ, ಪಕ್ಕದಲ್ಲಿ ವ್ಯವಸ್ಥಾಪಕರು. ಮೆಟ್ಟಿಲ ಮೇಲೆ ತರಗತಿಯ ಹೆಂಗಸರು ಸಾಲಾಗಿ ಕೂತಿದ್ದಾರೆ. ತಂತಿಬೇಲಿಯ ಆಚೆ ದರ್ಜಿ, ಅಂಗಡಿ ಮುಚ್ಚಿ ಬಂದವರು, ಕೊರಳ ಟೇಪು ತೆಗೆಯುವುದನ್ನು ಮರೆತಿದ್ದಾರೆ.

ಪರೀಕ್ಷೆ ಸರಳ. ತಳದಲ್ಲಿ ರಬ್ಬರ್ ಹೊದಿಸಿದ ಒಂದು ಭಾರದ ಗುಂಡಿದೆ, ಮುಳುಗಿದ ಮನುಷ್ಯನ ಬದಲಿಗೆ. ಧುಮುಕಿ, ಅದನ್ನು ಮೇಲೆತ್ತಿ, ಗೋಡೆಗೆ ತರಬೇಕು. ಒಂದು ಸಲ ಕೈತಪ್ಪಿದರೆ ದಡ ಮುಟ್ಟದೆ ಇನ್ನೊಂದು ಸಲ ಮುಳುಗಬಹುದು. ಅಷ್ಟೇ. ಎಲ್ಲ ಕಾವಲುಗಾರರೂ ಅದನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅಪ್ಪಿಕೊಂಡು ಬೆನ್ನ ಮೇಲೆ ಈಜಿ ಬರುತ್ತಾರೆ. ಅಕ್ಕನೂ ಪ್ರತಿ ವರ್ಷ ಹಾಗೇ ತಂದವರು. ಈ ಸಲ ಹೊಟ್ಟೆ ಅದಕ್ಕೆ ಖಾಲಿಯಿಲ್ಲ. ಬಲಗೈ ಒಂದರಲ್ಲೇ ಬಲ ಪಕ್ಕೆಗೆ ಅವಚಿಕೊಂಡು, ಎಡಗೈಯಲ್ಲಿ ನೀರು ಎಳೆಯುತ್ತ ಬರಬೇಕು. ಭಾರ ಎತ್ತುವಾಗ ತಿಣುಕಬಾರದು, ಉಸಿರು ಬಿಡಬೇಕು ಎಂದು ನರ್ಸ್ ಹೇಳಿದ್ದಾರೆ. ದಡದ ಮೇಲೆ ಅದು ಸುಲಭ. ನೀರಿನ ತಳದಲ್ಲಿ ಬಿಟ್ಟ ಉಸಿರು ಮತ್ತೆ ಸಿಗುವುದಿಲ್ಲ. ಬಿಟ್ಟರೆ ಬೇಗ ಮೇಲೆ ಬರಬೇಕು.

ಅಕ್ಕ ಧುಮುಕುತ್ತಾರೆ. ನೆರಳು ಓರೆಯಾಗಿ ಕೆಳಗೆ ಜಾರುತ್ತದೆ, ತಳ ಮುಟ್ಟುತ್ತದೆ. ಬಗ್ಗುವುದು ಕಾಣುತ್ತದೆ. ಗುಳ್ಳೆಗಳ ಒಂದು ಗೊಂಚಲು ಮೇಲೆ ಬಂದು ಒಡೆಯುತ್ತದೆ. ಅದರ ಹಿಂದೆಯೇ ಅಕ್ಕನ ತಲೆ.

ಕೈ ಖಾಲಿ.

ಕೆಳಗೆ ನಡೆದದ್ದನ್ನು ಆಮೇಲೆ ಅವರೇ ಹೇಳುತ್ತಾರೆ: “ಹಾಳಾದ ಅಭ್ಯಾಸ. ಕೈ ತಾನಾಗೇ ಎರಡೂ ಹೋಗಿ ಗುಂಡನ್ನ ಅಪ್ಪಿಕೊಂಡುಬಿಡ್ತು. ಎಡಗಡೆ ಒತ್ತಿದ ತಕ್ಷಣ ಗೊತ್ತಾಯ್ತು. ಬಿಟ್ಟುಬಿಟ್ಟೆ.”

ದರ್ಜಿ ತಂತಿಬೇಲಿಗೆ ಹಣೆ ಒತ್ತಿ ತಮ್ಮ ಚಪ್ಪಲಿ ನೋಡುತ್ತಿದ್ದಾರೆ. “ಸಾಕು ಅಕ್ಕ, ಬನ್ನಿ ಮೇಲೆ” ಎಂದು ವ್ಯವಸ್ಥಾಪಕರು ಕೈ ಚಾಚುತ್ತಾರೆ. ಅವರ ದನಿಯಲ್ಲಿ ಇರುವುದು ಕನಿಕರವೇ. ಅಕ್ಕ ಆ ಕೈಯ ಕಡೆ ತಿರುಗಿಯೂ ನೋಡುವುದಿಲ್ಲ. ನೀರಿನಲ್ಲೇ ನಿಂತು ಕಾಲಾಡಿಸುತ್ತ ಎಡಗೈಯಲ್ಲಿ ಬೆಲ್ಟನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಮೂಗಿನ ನೀರು ಸೀಟುತ್ತಾರೆ. ಎದೆ ತುಂಬ ಗಾಳಿ ಎಳೆದುಕೊಂಡು ಮತ್ತೆ ಮುಳುಗುತ್ತಾರೆ.

ಈ ಸಲ ನೆರಳು ತಳದಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಗುಳ್ಳೆಗಳು ಬರುತ್ತವೆ, ಒಂದು ಗೊಂಚಲು, ಇನ್ನೊಂದು ಗೊಂಚಲು. ನಿಲ್ಲುತ್ತವೆ. ಪರೀಕ್ಷಕರು ಚಪ್ಪಲಿ ಕಳಚಿ ಅಂಚಿಗೆ ಬರುತ್ತಾರೆ. ಆಗ ಆಳದ ನೀಲಿಯಿಂದ ಒಂದು ಬದಿಗೆ ವಾಲಿದ ಆಕಾರವೊಂದು ಮೇಲೆದ್ದು ಬರುತ್ತದೆ. ಅಕ್ಕನ ಬಾಯಿ ಗಾಳಿಯನ್ನು ಕಚ್ಚುತ್ತದೆ. ಬಲ ಪಕ್ಕೆಯಲ್ಲಿ ಗುಂಡಿದೆ. ಎಡಗೈ ಬೀಸುತ್ತ, ಕಾಲು ಬಡಿಯುತ್ತ, ಏಡಿಯಂತೆ ಓರೆಯಾಗಿ ಗೋಡೆಯ ಕಡೆ ಬರುತ್ತಾರೆ. ನೋಡಲು ಚೆಂದದ ಈಜೇನಲ್ಲ. ಆದರೆ ಗುಂಡು ನೀರಿನ ಮೇಲಿದೆ. ಅಂಚಿನಲ್ಲಿ ಇನ್ನೊಬ್ಬ ಕಾವಲುಗಾರ ಅದನ್ನು ತೆಗೆದುಕೊಳ್ಳಲು ಬಗ್ಗಿದರೆ, “ಕೈ ತೆಗಿ” ಎಂದು ಗದರಿಸಿ, ಉಸಿರು ಬಿಡುತ್ತ ತಾವೇ ಅದನ್ನು ದಡದ ಮೇಲೆ ಉರುಳಿಸುತ್ತಾರೆ.

“ಪಾಸ್” ಎನ್ನುತ್ತಾರೆ ಪರೀಕ್ಷಕರು, ಮತ್ತೆ ಚಪ್ಪಲಿ ಮೆಟ್ಟುತ್ತ.

ಮೆಟ್ಟಿಲ ಮೇಲೆ ಗದ್ದಲವೋ ಗದ್ದಲ. ಅಂಚೆಯಮ್ಮ ಕನ್ನಡಕ ತೆಗೆದು ಒರೆಸುತ್ತಾರೆ, ಹಾಕಿಕೊಳ್ಳುತ್ತಾರೆ, ಮತ್ತೆ ತೆಗೆಯುತ್ತಾರೆ. ದರ್ಜಿ ಬೇಲಿಯ ಆಚೆಯಿಂದ, “ಜೇಬು ಹೇಗಿತ್ತು?” ಎಂದು ಕೂಗುತ್ತಾರೆ. “ಜೇಬಿಗೇನಾಗಿದೆ, ಕಿರುಚಬೇಡಿ” ಎಂದು ಅಕ್ಕ ಏಣಿ ಹತ್ತುತ್ತ ಕೂಗುತ್ತಾರೆ.

ವ್ಯವಸ್ಥಾಪಕರು ಟವೆಲ್ ಹಿಡಿದುಕೊಂಡು ಕಾಯುತ್ತಿದ್ದಾರೆ. ನಿಜಕ್ಕೂ ಖುಷಿಯಾಗಿದ್ದಾರೆ. ಟವೆಲ್ ಕೊಟ್ಟು, ಸ್ವಲ್ಪ ಆಚೆ ಕರೆದುಕೊಂಡು ಹೋಗಿ ದನಿ ತಗ್ಗಿಸುತ್ತಾರೆ.

“ಒಂದು ಯೋಚನೆ ಮಾಡಿದೀನಿ ಅಕ್ಕ. ನೀವು ಪಾಸಾದ ಮೇಲೆ ಕಿಟಕಿಯಲ್ಲಿ ಕೂರಿಸೋದು ಸರಿಯಲ್ಲ. ಮಧ್ಯಾಹ್ನ ಶುಚಿ ಮಾಡೋಕೆ ಅಂತ ಕೊಳ ಮುಚ್ಚಿರ್ತೀವಲ್ಲ, ಆ ಹೊತ್ತು ಪೂರ್ತಿ ನಿಮ್ಮದು. ಜಾಲರಿ ನೋಡಿ, ತಳ ನೋಡಿ, ಬೇಕಾದಷ್ಟು ಈಜಿ. ಸಂಬಳ ಕಾವಲಿನದೇ. ನೋಡೋರಿಲ್ಲ, ಅನ್ನೋರಿಲ್ಲ. ಇಷ್ಟು ದೊಡ್ಡ ಕೊಳ, ನೀವೊಬ್ಬರೇ, ರಾಣಿ ಹಾಗೆ.”

ಅಕ್ಕ ತಲೆ ಒರೆಸಿಕೊಳ್ಳುವುದನ್ನು ನಿಲ್ಲಿಸುತ್ತಾರೆ.

“ಖಾಲಿ ನೀರಲ್ಲಿ ನಾನು ಯಾರನ್ನ ಕಾಯಲಿ ಸರ್?”

“ಹಾಗಲ್ಲ ಅಕ್ಕ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಈಗಲೇ ಹೇಳಬೇಡಿ. ಮನೆಗೆ ಹೋಗಿ ಯಜಮಾನರ ಹತ್ರ ಮಾತಾಡಿ, ನಿಧಾನಕ್ಕೆ ಯೋಚನೆ ಮಾಡಿ ನಾಳೆ ಹೇಳಿ.”

“ಬೇಡ.”